ಇದ್ದಿದ್ದರೆ ಕಾಣುತ್ತಿತ್ತು

ಇಲ್ಲ ಎನ್ನುವುದನ್ನು ಯಂತ್ರಕ್ಕೆ ಕಲಿಸುವುದು ಇಷ್ಟು ಕಷ್ಟವಾದೀತು ಎಂದು ಮೊದಲಿಗೆ ಯಾರೂ ಎಣಿಸಿರಲಿಲ್ಲ. ಇದೆ ಎನ್ನುವುದು ಸುಲಭ. ಕಂಡರೆ ಇದೆ. ಕಾಣದಿದ್ದರೆ?

ಶೋಧಕ ಬಂದ ಹೊಸದರಲ್ಲಿ, ಕಾಣದಿದ್ದರೆ ಇಲ್ಲ ಎಂದೇ ಹೇಳಿಬಿಡುತ್ತಿತ್ತು. ಕಡಲಿನಲ್ಲಿ ಕಾಣೆಯಾದವರನ್ನು ಹುಡುಕುವುದಕ್ಕೆಂದೇ ಕಟ್ಟಿದ ಯಂತ್ರಬುದ್ಧಿ ಅದು. ಉಪಗ್ರಹಗಳು ತೆಗೆದ ಚಿತ್ರ, ನೀರಿನ ಸೆಳೆತ, ಗಾಳಿಯ ದಿಕ್ಕು, ಬಂದರುಗಳ ಕ್ಯಾಮೆರಾ, ಫೋನಿನ ಗೋಪುರ ಎಲ್ಲವನ್ನೂ ಜಾಲಾಡಿ ಕೊನೆಗೊಂದು ಮಾತು ಹೇಳಬೇಕು. ಆ ಮಾತಿಗೆ ಸರ್ಕಾರ ಕಾನೂನಿನ ಬಲ ಕೊಟ್ಟಿತ್ತು. ಶೋಧಕ ಇಲ್ಲ ಎಂದರೆ ಮುಗಿಯಿತು, ಮನುಷ್ಯ ಸತ್ತಂತೆ. ಹಾಗೆ ಅದರಿಂದ ಇಲ್ಲ ಎನಿಸಿಕೊಂಡ ಒಬ್ಬಾತ, ಉತ್ತರಕ್ರಿಯೆಯ ಬೊಜ್ಜ ಮುಗಿದು ಹೆಂಡತಿಯ ಕುಂಕುಮ ಅಳಿಸಿದ ಮೇಲೆ, ಯಾವುದೋ ಹಡಗಿನವರು ಎತ್ತಿಕೊಂಡು ಸಾಕಿದ್ದರೆಂದು ನಗುನಗುತ್ತಾ ಮನೆಗೆ ಬಂದ. ಕರಾವಳಿಯಲ್ಲಿ ಹಾಹಾಕಾರವೆದ್ದಿತು. ಹೆದರಿದ ಅಧಿಕಾರಿಗಳು ಯಂತ್ರದ ಬಾಯಿಂದ ಇಲ್ಲ ಎಂಬ ಮಾತನ್ನೇ ಕಿತ್ತು ಹಾಕಿದರು. ಅಂದಿನಿಂದ ಶೋಧಕಕ್ಕೆ ಉಳಿದದ್ದು ಎರಡೇ ಉತ್ತರ: ಇದ್ದಾರೆ, ಅಥವಾ ಗೊತ್ತಿಲ್ಲ.

ಗೊತ್ತಿಲ್ಲ ಎಂಬುದು ಕೇಳುವುದಕ್ಕೆ ಸೌಮ್ಯವಾದ ಮಾತು. ಅದರ ಜೊತೆ ಸಂಸಾರ ಮಾಡಿದವರಿಗೆ ಗೊತ್ತು ಅದರ ಉಪದ್ರ. ಅತ್ತು ಮುಗಿಸುವ ಹಾಗಿಲ್ಲ, ಅಳದೆ ಇರುವ ಹಾಗೂ ಇಲ್ಲ.

ಈ ಗಂಟನ್ನು ಬಿಡಿಸಿಕೊಡಿ ಎಂದು ಶೋಧ ಕೇಂದ್ರದವರು ಕೊನೆಗೆ ಬಂದದ್ದು ವಿಶ್ವವಿದ್ಯಾಲಯದ ಯಂತ್ರಬುದ್ಧಿಯ ತತ್ವ ಮತ್ತು ತರ್ಕ ವಿಭಾಗಕ್ಕೆ. ಹಾಗೊಂದು ವಿಭಾಗ ಇದೆ ಎನ್ನುವುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಗುಡ್ಡದ ಮೇಲೆ, ಸಂಸ್ಕೃತ ವಿಭಾಗದ ಹಳೆಯ ಕಟ್ಟಡದಲ್ಲಿ, ಅರ್ಧ ಕಂಪ್ಯೂಟರ್ ಅರ್ಧ ನ್ಯಾಯಶಾಸ್ತ್ರ ಎಂಬಂತೆ ಅದು ನಡೆಯುತ್ತಿತ್ತು. ಅಲ್ಲಿ ಎಂ.ಎ. ಎರಡನೆಯ ವರ್ಷದಲ್ಲಿದ್ದವಳು ನಿಶ್ಮಿತಾ, ಗಂಗೊಳ್ಳಿ ಕಡೆಯ ಮೀನುಗಾರರ ಮಗಳು. ಏನು ಓದುತ್ತೀ ಎಂದು ಕೇಳಿದವರಿಗೆ ಅವಳು ವಿಷಯದ ಹೆಸರು ಹೇಳಿದರೆ, ಅವರು ಹೌದಾ ಎಂದು ಮಾತು ಬದಲಿಸಿ ಬಂಗುಡೆಯ ರೇಟು ಕೇಳುತ್ತಿದ್ದರು.

ವಿಭಾಗದ ಮುಖ್ಯಸ್ಥೆ ಪದ್ಮಿನಿ ಹೆಬ್ಬಾರ್ ಅವರದ್ದು ಒಂದು ಪದ್ಧತಿ. ಯಾರ ಮಾತನ್ನಾದರೂ ಖಂಡಿಸಬೇಕಾದರೆ, ಮೊದಲು ಅವರ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಿ ತೋರಿಸಬೇಕು. ಎದುರಿಗೆ ಕೂತವರು "ಹೌದು, ನಾನು ಹೇಳಿದ್ದು ಇದನ್ನೇ" ಎಂದು ತಲೆಯಾಡಿಸಬೇಕು. ಅಲ್ಲಿಯವರೆಗೆ "ಆದರೆ" ಎನ್ನುವ ಹಾಗಿಲ್ಲ. ಯಂತ್ರದ ಜೊತೆ ವಾದ ಮಾಡುವಾಗಲೂ ಅದೇ ನಿಯಮ. ಬುದ್ಧಿ ಚುರುಕಿದ್ದ ಹುಡುಗರೆಲ್ಲ ಈ ಪದ್ಧತಿಗೆ ಬೇಸತ್ತು ಬೈದುಕೊಳ್ಳುತ್ತಿದ್ದರು. ನಿಶ್ಮಿತಾಳಿಗೆ ಅದು ಹಿಡಿಸಿತ್ತು.

ಶೋಧಕದ ಸಮಸ್ಯೆ ಬಂದ ದಿನ ಮೇಡಂ ತರಗತಿಯಲ್ಲಿ ಮೇಜಿನ ಮೇಲೆ ಕೈಯಿಟ್ಟು ಕೇಳಿದರು, "ಇಲ್ಲಿ ಕೊಡಪಾನ ಇಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ಕಾಣುತ್ತಿಲ್ಲವಲ್ಲ ಮೇಡಂ," ಎಂದ ಒಬ್ಬ.

"ದೀಪ ಆರಿಸಿದರೆ? ಆಗಲೂ ಕಾಣೋದಿಲ್ಲ. ಆಗ ಇಲ್ಲ ಅಂತ ಹೇಳ್ತೀರಾ?"

ಹಳೆಯ ತಾರ್ಕಿಕರು ಇದನ್ನು ಎಂದೋ ಯೋಚಿಸಿ ಇಟ್ಟಿದ್ದರು. ಕಾಣದಿರುವುದೆಲ್ಲ ಇಲ್ಲದಿರುವುದಕ್ಕೆ ಸಾಕ್ಷಿಯಲ್ಲ. ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎಂದು ಹೇಳಬಲ್ಲಂಥ ಕಡೆ ಕಾಣದಿದ್ದರೆ ಮಾತ್ರ, ಇಲ್ಲ ಎನ್ನಬಹುದು. ನಿಶ್ಮಿತಾ ತನ್ನ ಪ್ರಬಂಧಕ್ಕೆ ಇದನ್ನೇ ಎತ್ತಿಕೊಂಡಳು. ಶೋಧಕಕ್ಕೆ ಕಡಲು ಗೊತ್ತು, ಗಾಳಿ ಗೊತ್ತು, ಮನುಷ್ಯ ಗೊತ್ತಿಲ್ಲ. ಬದುಕಿ ದಡ ಸೇರಿದವನು ಮನೆಗೆ ಸುದ್ದಿ ಕಳಿಸುತ್ತಾನೋ ಇಲ್ಲವೋ ಎಂಬುದು ಆಯಾ ಮನುಷ್ಯನ ಸ್ವಭಾವ. ಕೆಲವರು ದಡ ಮುಟ್ಟಿದ ತಕ್ಷಣ ಫೋನ್ ಹುಡುಕುತ್ತಾರೆ. ಕೆಲವರು ಮನೆಯ ಕಾಟ ತಪ್ಪಿತೆಂದು ಊರೇ ಬಿಡುತ್ತಾರೆ. ಆದ್ದರಿಂದ ಕೊನೆಯ ಪ್ರಶ್ನೆಯನ್ನು ಶೋಧಕ ಒಬ್ಬ ಮನುಷ್ಯನಿಗೆ ಕೇಳಬೇಕು: ಬದುಕಿದ್ದಿದ್ದರೆ ಅವರು ನಿಮಗೆ ತಿಳಿಸುತ್ತಿದ್ದರೇ? ಯಾರಿಗೆ ಕೇಳಬೇಕು ಎಂಬುದನ್ನೂ ಅವಳೇ ನಿರ್ಧರಿಸಿದಳು. ಕಾಣೆಯಾದವರ ಜೊತೆ ಕಡೆಯದಾಗಿ ಮಾತಾಡಿದವರಿಗೆ, ಏಕೆಂದರೆ ಹೊರಡುವಾಗ ಅವರ ಮನಸ್ಸು ಹೇಗಿತ್ತೆಂದು ಗೊತ್ತಿರುವುದು ಅವರಿಗೇ.

"ಭೇಷ್," ಎಂದರು ಮೇಡಂ. ಅವರು ಹಾಗೆ ಹೇಳುವುದು ಅಪರೂಪ. ನಿಶ್ಮಿತಾ ಆ ಹೊಗಳಿಕೆಯನ್ನು ವಾರವಿಡೀ ಮೆಲುಕು ಹಾಕಿದಳು. ನಿಯಮ ಶೋಧಕದೊಳಗೆ ಸೇರಿತು. ಅದರ ಬಾಯಿಗೆ ಇಲ್ಲ ಎಂಬ ಮಾತು ಮರಳಿ ಬಂತು.

ಆ ಮಳೆಗಾಲ ಕಳೆದ ಮೇಲೆ ಅವಳ ಅಣ್ಣ ಸುಕೇಶ ಜಲದುರ್ಗಾ ಬೋಟಿನಲ್ಲಿ ಕಡಲಿಗೆ ಹೊರಟ.

ಹೊರಡುವ ದಿನ ಬೆಳಿಗ್ಗೆ ಅವನು ತಂಗಿಗೆ ಫೋನ್ ಮಾಡಿದ್ದ. ಬಟ್ಟೆ ತುಂಬಿಕೊಳ್ಳುತ್ತಿದ್ದುದರಿಂದ ಫೋನಿನ ಸ್ಪೀಕರ್ ಹಾಕಿಟ್ಟಿದ್ದ, ಅಮ್ಮ ವನಜಕ್ಕ ಅಲ್ಲೇ ಇದ್ದಳು.

"ಅಷ್ಟಮಿಗೂ ಬರ್ಲಿಲ್ಲ, ಹೊಸ್ತಿನ ಊಟಕ್ಕೂ ಬರ್ಲಿಲ್ಲ," ಎಂದ ಸುಕೇಶ. "ನಮ್ಮನ್ನ್ ಮರ್ತೇ ಬಿಟ್ಟಿದ್ದೆ ಅಂತ್ಲೇ ಲೆಕ್ಕ."

"ಅದ್ ಹ್ಯಾಂಗ್ ಆತ್ತ್ ಅಣ್ಣ?" ನಿಶ್ಮಿತಾಳಿಗೆ ಸೆಮಿನಾರಿನ ಅವಸರ, ಜೊತೆಗೆ ಸ್ವಲ್ಪ ಹುಮ್ಮಸ್ಸು. "ಬರ್ಲಿಲ್ಲ ಅಂದ್ರೆ ಮರ್ತಿದ್ದೆ ಅಂತ ಆತಿಲ್ಲೆ. ನಿನ್ ತರ್ಕವೇ ತಪ್ಪ್."



"ಆಯ್ತ್ ಟೀಚರ್. ನಿನ್ ತರ್ಕ ನೀನೇ ಇಟ್ಕೊ."

ಫೋನ್ ಇಟ್ಟವನು ಅಮ್ಮನ ಎದುರಿಗೆ, ಇನ್ನು ಅವಳಿಗಾಗಲಿ ಮನೆಗಾಗಲಿ ನಾನಾಗಿ ಫೋನ್ ಮಾಡುವುದಿಲ್ಲ ಎಂದು ಗೊಣಗಿ ಚೀಲ ಹೆಗಲಿಗೇರಿಸಿದ. ಮುನಿಸಿನಲ್ಲಿ ಅವನು ಮೊದಲಿನಿಂದ ಗಟ್ಟಿಗ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ತಂಗಿ ತನ್ನ ಸೈಕಲ್ ಬೀಳಿಸಿದಳೆಂದು ಮನೆಯವರೆಲ್ಲರ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಆಸಾಮಿ.

ಅಮ್ಮನಿಗೆ ಗೊತ್ತಿದ್ದದ್ದು ಇಷ್ಟೇ. ಅವಳಿಗೆ ಗೊತ್ತಿಲ್ಲದ ಇನ್ನೊಂದು ಫೋನ್ ಇತ್ತು. ಸಂಜೆ, ಬೋಟಿಗೆ ಮಂಜುಗಡ್ಡೆ ತುಂಬುವ ಗದ್ದಲದ ನಡುವೆ ನಿಂತು ಅವನು ಮತ್ತೆ ಕರೆದಿದ್ದ.

"ಏ ಟೀಚರ್, ಯೋಚ್ನೆ ಮಾಡ್ದೆ. ನೀ ಹೇಳಿದ್ದ್ ಸರಿ ಇತ್ತ್. ಆದ್ರೂ ಒಂದ್ಸಲ ಬರ್ಕಿತ್ತ್ ನೀನು."

"ದೀಪಾವಳಿಗೆ ಬತ್ತೆ ಅಣ್ಣ. ಖಂಡಿತ ಬತ್ತೆ." ಅಳು ಬಂದದ್ದನ್ನು ಮುಚ್ಚಿಕೊಳ್ಳಲು ನಿಶ್ಮಿತಾ ಮತ್ತೆ ತನ್ನ ಪಾಠಕ್ಕೇ ಇಳಿದಳು. "ನೀನು ಬಂದರ್ ಮುಟ್ಟಿದ್ ಕೂಡ್ಲೆ ನಂಗೆ ಫೋನ್ ಮಾಡ್. ಯಾವಾಗ್ಲೂ ಮಾಡೂವವ ಒಂದಿನ ಮಾಡ್ಲಿಲ್ಲ ಅಂದ್ರೆ ಮಾತ್ರ ಅದ್ಕೊಂದ್ ಅರ್ಥ ಬಪ್ಪುದ್."

"ಎಂತ ಕರ್ಮ ಮಾರಾಯ್ತಿ ನಿಂದ್!" ಅವನು ಜೋರಾಗಿ ನಕ್ಕ. "ಮಾಡ್ತೆ. ಸಾಯೂವರಿಗೂ ಮಾಡ್ತೆ, ಸಾಕಾ?"

ತಾನು ಎಂಥ ಮಾತು ತೆಗೆದುಕೊಂಡೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ. ತರ್ಕ ಓದುವ ಹುಡುಗಿಯಲ್ಲದೆ ಬೇರೆ ಯಾವ ತಂಗಿಯೂ ಅಣ್ಣನ ಹತ್ತಿರ ಅಂಥ ಮಾತು ಕೇಳಿ ಪಡೆಯಲಾರಳು.

ಚಂಡಮಾರುತ ಎದ್ದಾಗ ಜಲದುರ್ಗಾ ಮಹಾರಾಷ್ಟ್ರದ ಕಡೆ ಇತ್ತು. ಬೋಟಿನಲ್ಲಿದ್ದ ಗಣಪ ಖಾರ್ವಿ ಎಂಬವನಿಗೆ ವಿಪರೀತ ಜ್ವರ. ಅವನನ್ನು ಇಳಿಸಲೆಂದು ಒಂದು ಪುಟ್ಟ ಬಂದರಿಗೆ ಬೋಟು ತಾಗಿತು. ಅಲ್ಲಿನ ಜೆಟ್ಟಿ ಚಿಕ್ಕದು, ಅಲೆ ದೊಡ್ಡದು. ಕಟ್ಟಿ ನಿಲ್ಲಿಸಿದರೆ ಬೋಟು ಕಲ್ಲಿಗೆ ಬಡಿದು ಚೂರಾಗುತ್ತದೆ ಎಂದು ಲಂಗರು ಹಾಕಲು ಹೊರಕ್ಕೆ ಹೋದರು. ಮರುದಿನ ಸಿಕ್ಕಿದ್ದು ಹಲಗೆಗಳು, ಬಲೆ, ಒಂದು ಡೀಸೆಲ್ ಡ್ರಮ್ಮು. ಬೋಟಿನಲ್ಲಿ ಉಳಿದವರು ಯಾರೂ ಆ ನೀರಿನಲ್ಲಿ ಬದುಕಿರಲು ಸಾಧ್ಯವಿಲ್ಲ ಎಂದು ಶೋಧಕ ಲೆಕ್ಕ ಹಾಕಿ ಹೇಳಿತು. ಆದರೆ ಬಂದರಿನ ಕಾವಲುಗಾರ, ಮಳೆಯಲ್ಲಿ ಇಬ್ಬರು ಜೆಟ್ಟಿ ಹತ್ತಿ ಬಂದದ್ದನ್ನು ಕಂಡೆ ಎಂದ. ಒಬ್ಬ ಗಣಪ. ಇನ್ನೊಬ್ಬ ಯಾರು? ಕರೆಂಟು ಹೋಗಿ ಕ್ಯಾಮೆರಾಗಳು ಕೆಟ್ಟು ಕೂತಿದ್ದವು. ಜ್ವರದಲ್ಲಿದ್ದ ಗಣಪನನ್ನು ಕೇಳಿದರೆ, ಯಾರೋ ತೋಳು ಹಿಡಿದು ಮೇಲೆ ತಂದು ಕೂರಿಸಿದರು, ಅವರು ಬೋಟಿಗೆ ವಾಪಸು ಹೋದರೋ ಇಲ್ಲವೋ ಗೊತ್ತಿಲ್ಲ ಎಂದು ಅತ್ತ.

ಆ ಇನ್ನೊಬ್ಬ ನಮ್ಮವನೇ ಎಂದು ಪ್ರತಿ ಮನೆಯವರೂ ನಂಬಿದರು. ಒಂದೇ ಒಂದು ಜೀವ ಉಳಿದಿರಬಹುದಾಗಿತ್ತು, ಅದಕ್ಕಾಗಿ ಇಷ್ಟು ಮನೆಗಳು ಕಾದವು. ತಿಂಗಳುಗಳು ಕಳೆದವು. ಶೋಧಕ ಒಂದೊಂದೇ ಮನೆಗೆ ತನ್ನ ಕೊನೆಯ ಪ್ರಶ್ನೆ ಕೇಳುತ್ತಾ ಬಂತು. ಒಬ್ಬನ ಹೆಂಡತಿ, ನಮ್ಮವರು ದಡಕ್ಕಿಳಿದಿದ್ದರೆ ಮೊದಲು ನನಗೇ ಫೋನ್ ಮಾಡುತ್ತಿದ್ದರು ಎಂದು ಹೇಳಿ ಅಲ್ಲೇ ಕುಸಿದಳು. ಇನ್ನೊಬ್ಬನ ಅಪ್ಪನೂ ಹಾಗೇ ಹೇಳಿದ. ಮತ್ತೊಬ್ಬನ ಅಕ್ಕ. ಪ್ರತಿ ಉತ್ತರಕ್ಕೂ ಯಂತ್ರ ಇಲ್ಲ ಎಂದಿತು, ಆ ಮನೆಗಳಲ್ಲಿ ಬೊಜ್ಜ ನಡೆಯಿತು. ಕೊನೆಗೆ ಉಳಿದದ್ದು ಸುಕೇಶನ ಮನೆ. ಈಗ ಯಾರಾದರೂ ಬದುಕಿದ್ದರೆ ಅವನೊಬ್ಬನೇ.

ಫೋನಿನ ದಾಖಲೆಯಂತೆ ಅವನು ಕಡೆಯದಾಗಿ ಮಾತಾಡಿದ್ದು ತಂಗಿಯ ಜೊತೆ, ಆದ್ದರಿಂದ ಪ್ರಶ್ನೆ ಅವಳ ಪಾಲಿಗೆ ಬಂತು. ಮೇಡಂ ನಿಶ್ಮಿತಾಳನ್ನು ಕೋಣೆಗೆ ಕರೆಸಿದರು. "ನೋಡು, ನಿಯಮ ಬರೆದವಳೇ ನೀನು. ನಿನ್ನನ್ನೇ ಕೇಳೋದು ಸರಿಯಲ್ಲ. ಅಮ್ಮನನ್ನು ಕೇಳಲಿ ಅಂತ ನಾನು ಕೇಂದ್ರಕ್ಕೆ ಬರೀತೇನೆ."

"ಬೇಡ ಮೇಡಂ. ಆ ಮನೆಗಳವರೆಲ್ಲ ಹೇಳಿದ್ದಾರೆ. ನನಗೊಬ್ಬಳಿಗೆ ರಿಯಾಯಿತಿ ಯಾಕೆ?"

"ಇದು ರಿಯಾಯಿತಿ ಅಲ್ಲ ಮಗೂ."

"ಅಮ್ಮನನ್ನು ಕೇಳಿದರೆ ಅವಳು ಏನು ಹೇಳ್ತಾಳೆ ಅಂತ ನನಗೆ ಗೊತ್ತು ಮೇಡಂ," ಎಂದಳು ನಿಶ್ಮಿತಾ.

ಅಮ್ಮ ಏನು ಹೇಳುತ್ತಾಳೆ ಎಂದು ಇಡೀ ಕೇರಿಗೇ ಗೊತ್ತಿತ್ತು. ಬೋಟು ಮುಳುಗಿದ ಸುದ್ದಿ ಬಂದ ಮೂರನೆಯ ದಿನ, ಎಲ್ಲರೂ ಎದೆ ಬಡಿದುಕೊಂಡು ಅಳುತ್ತಿರುವಾಗ, ವನಜಕ್ಕ ಸಟ್ಟನೆ ಕಣ್ಣೊರೆಸಿಕೊಂಡು, "ಅಂವ ಸಿಟ್ಟ್ ಮಾಡ್ಕಂಡ್ ಹೋದ್ದಲ್ದಾ! ಅದ್ಕೇ ಫೋನ್ ಮಾಡ್ಲಿಲ್ಲ. ಸಿಟ್ಟ್ ಇಳ್ದ್ರೆ ಬತ್ತ ಕಾಣಿ," ಎಂದಿದ್ದಳು. ಮಗಳ ಮುಖ ನೋಡಿ, "ಹೌದಲ್ದನೇ?" ಎಂದು ಕೇಳಿದ್ದಳು. ಸಂಜೆಯ ಫೋನಿನ ಸುದ್ದಿ ನಿಶ್ಮಿತಾಳ ನಾಲಗೆಯ ತುದಿಯಲ್ಲಿತ್ತು. ಅಮ್ಮ ಅಷ್ಟು ದಿನಗಳಲ್ಲಿ ಅಂದು ಮೊದಲ ಸಲ ಒಂದು ಲೋಟ ಗಂಜಿ ಕುಡಿದಿದ್ದಳು. ಮಗಳು ಹೌದು ಎಂದಳು.

ಆ ಒಂದು ಹೌದಿನ ಮೇಲೆ ಅಮ್ಮ ಮಗನನ್ನು ಬದುಕಿಸಿಕೊಂಡು ಬಂದಳು. ಆದರೆ ಬದುಕಿಸಿಡುವುದು ಬಿಟ್ಟಿ ಕೆಲಸವಾಗಿರಲಿಲ್ಲ. ಒಂದು ತಿಂಗಳಾಯಿತು, ಇನ್ನೂ ಸಿಟ್ಟು. ದೀಪಾವಳಿ ಹೋಯಿತು, ಇನ್ನೂ ಸಿಟ್ಟು. ದಿನ ಹೋದಷ್ಟೂ ಆ ಸಿಟ್ಟನ್ನು ದೊಡ್ಡದು ಮಾಡುತ್ತಾ ಹೋಗಬೇಕು, ಮಗನ ಮನಸ್ಸನ್ನು ಕಲ್ಲು ಮಾಡುತ್ತಾ ಹೋಗಬೇಕು. ಮೊದಮೊದಲು "ನನ್ ಹಟಮಾರಿ ಮಗ" ಎನ್ನುತ್ತಿದ್ದವಳು ಆಮೇಲಾಮೇಲೆ ಬೈಯತೊಡಗಿದಳು. ಮೀನು ಕೊಯ್ಯುತ್ತಾ ಬೈದಳು, ಬಾವಿಕಟ್ಟೆಯಲ್ಲಿ ನಿಂತು ಬೈದಳು.

ಪ್ರಶ್ನೆಯ ಹಿಂದಿನ ದಿನ ನಿಶ್ಮಿತಾ ಮನೆಗೆ ಬಂದಾಗ ಅಂಗಳದಲ್ಲಿ ನೆರೆಮನೆಯವಳ ಮುಂದೆ ಅದೇ ಮಾತು ನಡೆದಿತ್ತು.

"ಹೆತ್ತವ್ಳ್ ಇದ್ದಾಳಾ ಸತ್ತಾಳಾ ಅಂತ ಕೇಣೂಕಾಗ್ದಾ? ಅಂಥ ಮಗ ಇಪ್ಪುದಕ್ಕಿಂತ..." ವನಜಕ್ಕ ಮುಂದಿನ ಮಾತು ನುಂಗಿಕೊಂಡಳು. "ಬರ್ಲಿ ಅಂವ. ಹೊಸ್ಲ್ ದಾಟೂಕೆ ಬಿಡ್ತಿಲ್ಲೆ ನಾನು."

ನಿಶ್ಮಿತಾ ಒಳಗೆ ಹೋಗಿ ಅಡುಗೆಮನೆಯ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅಮ್ಮನೂ ಬಂದು ಒಲೆಯ ಪಕ್ಕ ಕೂತಳು.

"ನಾಳೆ ನಿನ್ನನ್ನೇ ಕೇಳ್ತ್ ಅಂಬ್ರಲೆ ಆ ಮಿಶನ್. ಎಂತ ಹೇಳ್ತೆ?"

ನಿಶ್ಮಿತಾ ನಿಜ ಹೇಳಲೇಬೇಕೆಂದು ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಬಂದಿದ್ದಳು. ಅದಕ್ಕೆ ಮೊದಲು ತನ್ನ ವಿಭಾಗದ ಪದ್ಧತಿಯಂತೆ ಅಮ್ಮನ ವಾದವನ್ನು ಅಮ್ಮನಿಗಿಂತ ಚೆನ್ನಾಗಿ ಹೇಳಿದಳು. "ಇಬ್ರ್ ಇಳ್ದಿದ್ರ್ ಅಂತ ಕಾವಲಿನವ ಹೇಳಿದ್ದ. ಮತ್ತೊಬ್ಬ ಯಾರಂತ ಗೊತ್ತಿಲ್ಲೆ. ಉಳಿದ ಮನೆಯವ್ರೆಲ್ಲ ನಮ್ಮವ ಅಲ್ಲ ಅಂದ್ರ್. ಅಣ್ಣಂಗೆ ಸಿಟ್ಟ್ ಬಂದ್ರೆ ತಿಂಗ್ಳ್‌ಗಟ್ಲೆ ಮಾತಾಡುದಿಲ್ಲ. ಹೊರಡುವಾಗ ಸಿಟ್ಟಿತ್ತ್. ಇನ್ನು ಫೋನ್ ಮಾಡುದಿಲ್ಲ ಅಂತ ಬಾಯ್ ಬಿಟ್ಟ್ ಹೇಳಿದ್ದ."

ಒಂದೊಂದು ಮಾತಿಗೂ ಅಮ್ಮ ತಲೆಯಾಡಿಸಿದಳು. ಅವಳ ಕಣ್ಣುಗಳು ಅರಳುತ್ತಾ ಬಂದವು. ಸಾಕ್ಷಿಗಳನ್ನು ಹೀಗೆ ಸಾಲಾಗಿ ಜೋಡಿಸಿದಾಗ ಅಣ್ಣ ನಿಜಕ್ಕೂ ಎಲ್ಲೋ ಒಂದು ಬಂದರಿನಲ್ಲಿ ಬೀಡಿ ಸೇದುತ್ತಾ ಕೂತಿದ್ದಾನೆಂದು ನಿಶ್ಮಿತಾಳಿಗೇ ಅನಿಸಿತು.

"ಇದನ್ನೇ ಹೇಳ್ ಮಗಾ," ಅಮ್ಮ ಅವಳ ಮೊಣಕಾಲು ಹಿಡಿದಳು. "ಹೀಂಗೇ ಹೇಳ್. ಸಿಟ್ಟಿರ್ಲಿ, ಬತ್ತಿಲ್ಲ ಅಂದ್ರೂ ಅಡ್ಡಿಲ್ಲ. ಎಲ್ಲಾದ್ರೂ ಬದ್ಕಿರ್ಲಿ."

ಇನ್ನು ಬರಬೇಕಾದ ಮಾತು "ಆದರೆ". ಅದು ಬರಲಿಲ್ಲ. ನಿಶ್ಮಿತಾ ಎದ್ದು ಹೋಗಿ ಮೀನಿನ ಪಾತ್ರೆ ತೊಳೆದಳು.

ಶೋಧ ಕೇಂದ್ರ ಬಂದರಿನ ಕಚೇರಿಯ ಮಹಡಿಯ ಮೇಲಿತ್ತು. ಗೋಡೆ ತುಂಬ ಕಡಲಿನ ನಕ್ಷೆ, ಅದರ ಮೇಲೆ ಸಾಸಿವೆ ಚೆಲ್ಲಿದಂತೆ ಬೋಟುಗಳ ಬೆಳಕಿನ ಚುಕ್ಕೆಗಳು. ಪ್ರಶ್ನೆ ಕೇಳುವ ಕೋಣೆ ಬೇರೆ. ಒಂದು ಮೇಜು, ಮೈಕು, ಮೂರು ಕುರ್ಚಿ. ಮೇಡಂ ಗೋಡೆಯ ಬಳಿ ಕೂತರು. ಅಮ್ಮ ಮದುವೆಮನೆಗೆ ಉಡುವ ಸೀರೆ ಉಟ್ಟು ಬಂದಿದ್ದಳು.

"ನಮಸ್ಕಾರ," ಎಂದಿತು ಶೋಧಕ. ದನಿಯಲ್ಲಿ ವಿನಯವಿತ್ತು, ಅವಸರವಿರಲಿಲ್ಲ. "ಸುಕೇಶ ಅವರ ವಿಷಯದಲ್ಲಿ ನನಗೆ ತಿಳಿದದ್ದನ್ನು ಮೊದಲು ಹೇಳುತ್ತೇನೆ. ಅವರು ಬೋಟಿನಲ್ಲಿ ಉಳಿದಿದ್ದರೆ ಬದುಕಿಲ್ಲ. ದಡಕ್ಕೆ ಇಳಿದು ಉಳಿದಿದ್ದರೆ ಬದುಕಿದ್ದಾರೆ. ಇಳಿದ ಎರಡನೆಯ ವ್ಯಕ್ತಿ ತಮ್ಮವರಲ್ಲ ಎಂದು ಬೇರೆ ಎಲ್ಲ ಮನೆಯವರೂ ಹೇಳಿದ್ದಾರೆ. ಹೊರಡುವ ಮುನ್ನ ನಿಮಗೂ ಅವರಿಗೂ ಜಗಳವಾಯಿತೆಂದು ತಾಯಿಯವರು ತಿಳಿಸಿದ್ದಾರೆ. ಆ ದಿನ ಸಂಜೆ ಅವರ ಫೋನಿನಿಂದ ನಿಮಗೆ ಇನ್ನೊಂದು ಕರೆ ಬಂದಿದೆ. ಅದರಲ್ಲಿ ಏನು ಮಾತಾಯಿತು ನನಗೆ ಗೊತ್ತಿಲ್ಲ. ಈಗ ಕೇಳುತ್ತೇನೆ. ಬದುಕಿದ್ದಿದ್ದರೆ ಸುಕೇಶ ಅವರು ನಿಮಗೆ ತಿಳಿಸುತ್ತಿದ್ದರೇ?"

ಅಮ್ಮ ನಿಧಾನವಾಗಿ ಮಗಳ ಕಡೆ ತಿರುಗಿದಳು. "ಸಂಜಿಗಾ? ಯಾವ ಫೋನ್?"

ಯಂತ್ರ ಕಾಯುತ್ತಿತ್ತು. ತಿಳಿಸುತ್ತಿರಲಿಲ್ಲ ಎಂದರೆ ಅದು ಈಗಲೇ ಇದ್ದಾರೆ ಎಂದು ಹೇಳುತ್ತದೆ, ನಿಶ್ಮಿತಾಳಿಗೆ ಅದು ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ಬೇರೆ ದಾರಿಯೇ ಅದಕ್ಕಿಲ್ಲ: ಇನ್ನೊಬ್ಬ ದಡ ಹತ್ತಿದ್ದಕ್ಕೆ ಸಾಕ್ಷಿ ಇದೆ, ಬೋಟಿಗೆ ಮರಳಿದ್ದಕ್ಕೆ ಇಲ್ಲ, ಉಳಿದ ದಾರಿಗಳನ್ನೆಲ್ಲ ಮುಚ್ಚಿದ್ದು ಅವಳದೇ ನಿಯಮ. ಒಂದು ಸುಳ್ಳಿಗೆ ಅಣ್ಣ ಬದುಕುತ್ತಾನೆ. ಅಮ್ಮ ಮನೆಗೆ ಹೋಗಿ ಉಣ್ಣುತ್ತಾಳೆ. ನಾಳೆಯಿಂದ ಮತ್ತೆ ಬೈಯುತ್ತಾಳೆ. ವರ್ಷಗಳು ಹೋಗುತ್ತವೆ, ತಾಯಿ ಮುದುಕಿಯಾಗುತ್ತಾಳೆ, ಅವಳು ಸಾಯುವಾಗಲೂ ಬರದ ಪಾಪಿ ಎಂದು ಊರೆಲ್ಲ ಅವನನ್ನು ಆಡಿಕೊಳ್ಳುತ್ತದೆ. ಸಂಜೆ ಬಂದರಿನಲ್ಲಿ ನಿಂತು ಜೋರಾಗಿ ನಕ್ಕವನು, ತಂಗಿಯ ಹುಚ್ಚು ಪಾಠಕ್ಕೆ ಒಪ್ಪಿಕೊಂಡವನು ಎಲ್ಲೂ ಉಳಿಯುವುದಿಲ್ಲ. ಅವನು ಬದುಕಬೇಕಾದರೆ ಅವನಿಗೆ ಇವರ ಮೇಲೆ ಪ್ರೀತಿ ಇರಬಾರದು. ಪ್ರೀತಿ ಇತ್ತೆಂದರೆ ಅವನಿಲ್ಲ. ನಡುವೆ ನಿಲ್ಲುವುದಕ್ಕೆ ಜಾಗವೇ ಇರಲಿಲ್ಲ.

"ತಿಳಿಸುತ್ತಿದ್ದ," ಎಂದಳು ನಿಶ್ಮಿತಾ. ದನಿ ಹೊರಬರಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದಳು. "ಅಣ್ಣ ಖಂಡಿತ ಫೋನ್ ಮಾಡುತ್ತಿದ್ದ. ಸಂಜೆ ಕರೆದು ರಾಜಿಯಾಗಿದ್ದ. ಬಂದರು ಮುಟ್ಟಿದ ಕೂಡಲೆ ಮಾಡ್ತೇನೆ ಅಂತ ಮಾತು ಕೊಟ್ಟಿದ್ದ."

"ಧನ್ಯವಾದ," ಎಂದಿತು ಶೋಧಕ. "ಸುಕೇಶ ಅವರು ಇಲ್ಲ."

ಮೇಡಂ ಎದ್ದು ಬಂದು ಮೈಕು ಆರಿಸಿದರು.

ಅಮ್ಮ ಅಳಲಿಲ್ಲ. ಮಗಳ ಎರಡೂ ತೋಳು ಗಟ್ಟಿಯಾಗಿ ಹಿಡಿದು ಅಲುಗಿಸಿದಳು. "ಎಂತ ಹೇಳ್ದ? ಸಂಜಿಗೆ ಎಂತ ಹೇಳ್ದ ಅಂವ?"

ನಿಶ್ಮಿತಾ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ, ಸಾಯೂವರಿಗೂ ಮಾಡ್ತೆ ಎಂದದ್ದನ್ನೂ ಹೇಳಿದಳು.

"ನಗ್ತಾ ಇದ್ದನಾ?"

"ನಗ್ತಾ ಇದ್ದ ಅಮ್ಮ."

"ಸಿಟ್ಟೇ ಇರ್ಲಿಲ್ಲ ಹಾಂಗಾರೆ."

"ಇರ್ಲಿಲ್ಲ."

ವನಜಕ್ಕನ ಹಿಡಿತ ಸಡಿಲವಾಯಿತು. ಅವಳು ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತಳು. ಒಳ್ಳೆಯ ಸೀರೆ ಧೂಳಿಗೆ ಬಿದ್ದದ್ದು ಅವಳ ಗಮನಕ್ಕೆ ಬರಲಿಲ್ಲ. ಅಲ್ಲಿಂದಲೇ ತಲೆಯೆತ್ತಿದಳು. ಮಗಳನ್ನು ಅವಳು ಹಾಗೆ ನೋಡಿದ್ದು ಅದೇ ಮೊದಲು.

"ನಾಲ್ಕ್ ತಿಂಗ್ಳ್ ಬೈದೆ ನಾನ್ ಅವನಿಗೆ. ಹೊಸ್ಲ್ ದಾಟೂಕೆ ಬಿಡ್ತಿಲ್ಲೆ ಅಂದೆ. ಅಂಥ ಮಗ ಇಪ್ಪುದ್ ಬೇಡ ಅಂದೆ. ಊರೆಲ್ಲ ಹೇಳ್ಕಂಡ್ ತಿರ್ಗ್ದೆ. ನಿಂಗ್ ಗೊತ್ತಿತ್ತ್. ಎಲ್ಲ ಗೊತ್ತಿದ್ದೂ, ಸತ್ತ ಮಗಂಗೆ ನಾನು ಬೈಯುದನ್ನ ಕೇಣ್ತಾ ಸುಮ್ನೆ ಕೂಕಂಡಿದ್ಯಲ್ಲೇ ಹೆಣ್ಣೇ."

ನಿಶ್ಮಿತಾ ಬಾಯಿ ತೆರೆದಳು. ನೀನು ಗಂಜಿ ಕುಡಿದೆಯಲ್ಲ ಅಮ್ಮ, ಅದಕ್ಕೆ ಎಂದು ಹೇಳಬೇಕೆಂದಿದ್ದಳು. ಅದು ಉತ್ತರವಲ್ಲ ಎಂದು ಅವಳಿಗೇ ತಿಳಿಯಿತು. ಅಮ್ಮನ ಮಾತಿನಲ್ಲಿ ಎಲ್ಲೂ ತಪ್ಪಿರಲಿಲ್ಲ.

ಮೇಡಂ ತಂದ ನೀರನ್ನು ವನಜಕ್ಕ ಮುಟ್ಟಲಿಲ್ಲ. ಎರಡೂ ಕೈಯಲ್ಲಿ ಬಾಯಿ ಬಾಯಿ ಬಡಿದುಕೊಂಡು, "ತಪ್ಪಾಯ್ತ್ ಮಗಾ, ನಂಗ್ ಗೊತ್ತಿರ್ಲಿಲ್ಲೆ ಮಗಾ," ಎಂದು ಸುಕೇಶನ ಹೆಸರು ಹಿಡಿದು ಅಳತೊಡಗಿದಳು. ನಿಶ್ಮಿತಾ ಅವಳ ಪಕ್ಕಕ್ಕೆ ನೆಲದ ಮೇಲೆ ಕೂತು ಬೆನ್ನ ಮೇಲೆ ಕೈಯಿಟ್ಟಳು. ಅಮ್ಮ ಆ ಕೈಯನ್ನು ತೆಗೆದು ಕೆಳಗಿಟ್ಟಳು.